ಎರೆ ನಾಡಿನ ಕೋಟೆಗಳು ಮತ್ತು ಒಕ್ಕಲುಗಳು

ಬಾದಾಮಿಗೆ ಹೋದವರು ಅಗಸ್ತ್ಯತೀರ್ಥದ ದಂಡೆಯಲ್ಲಿ ಕುಳಿತು ಗುಡ್ಡ, ಗುಹೆ, ಗುಡಿಗಳನ್ನು ಕಣ್ತುಂಬ ನೋಡಿ ಬರುತ್ತಾರೆ. ಅಲ್ಲಿಂದ ಪಟ್ಟದಕಲ್ಲು, ಐಹೊಳೆಗಳ ಕಡೆಗೆ ಬಸ್ಸು ಹಿಡಿಯುವುದು ವಾಡಿಕೆ. ಬಾದಾಮಿಯ ತೆಂಕಣ ಭಾಗಕ್ಕೆ ಹರಡಿರುವ ಎರೆ ನಾಡಿನತ್ತ ತಿರುಗುವವರು ಕಡಿಮೆ. ನರಗುಂದ, ರೋಣ, ಗಜೇಂದ್ರಗಡ ಎಂಬ ಮೂರು ಊರುಗಳು ಇರುವುದು ಈ ಬಯಲಿನಲ್ಲಿ. ಮೊದಲು ಧಾರವಾಡ ಜಿಲ್ಲೆಯಲ್ಲಿದ್ದ ಈ ಊರುಗಳು 1997ರಿಂದ ಗದಗ ಜಿಲ್ಲೆಗೆ ಸೇರಿವೆ. ಬಾದಾಮಿಯಲ್ಲಿರುವಂತೆ ಊರಿನ ನಡುವೆ ಮಿನುಗುವ ಕೆರೆ ಇಲ್ಲಿ ಇಲ್ಲ. ಆದರೆ ಇಲ್ಲಿನ ಗುಡಿ, ಕೋಟೆ, ಹೊಂಡ, ಸ್ಮಾರಕಗಳನ್ನು ಒಂದರ ನಂತರ ಒಂದರಂತೆ ನೋಡುತ್ತ ಹೋದರೆ ಸಾವಿರ ವರ್ಷಗಳ ಒಂದು ಪ್ರಶ್ನೆ ಎದುರಾಗುತ್ತದೆ. ಈ ನೆಲದ ಫಲದಲ್ಲಿ ಆಳುವವರ ಪಾಲೆಷ್ಟು? ಅದನ್ನು ಗೊತ್ತುಮಾಡುವಾಗ ನೆಲದ ಮೇಲೆ ಬಾಳುವವರ ಮಾತಿಗೆ ಬೆಲೆ ಎಷ್ಟು?

ಮೊದಲು ಈ ನೆಲದ ಗುಣವನ್ನು ತಿಳಿಯಬೇಕು. ಮುಂಗಾರಿನ ಮೋಡಗಳು ಪಶ್ಚಿಮ ಘಟ್ಟದಲ್ಲಿ ಸುರಿದು, ಹಗುರಾಗಿ ಇಲ್ಲಿಗೆ ಬರುತ್ತವೆ. ಆದರೆ ಎರೆ ಮಣ್ಣು ಬಿದ್ದಷ್ಟು ನೀರನ್ನು ಹೀರಿ ತಿಂಗಳುಗಟ್ಟಲೆ ಹಿಡಿದಿಟ್ಟುಕೊಳ್ಳುತ್ತದೆ. ಮಳೆ ನಿಂತ ಮೇಲೂ ಆ ತೇವದಲ್ಲಿಯೇ ಹಿಂಗಾರಿಯ ಬಿಳಿಜೋಳ, ಕಡಲೆ, ಕುಸುಬೆ, ಹತ್ತಿ ಬೆಳೆಯುತ್ತವೆ. ಒಂದು ಹದಮಳೆ ತಪ್ಪಿದರೆ ಕಣ ಬರಿದಾಗುತ್ತದೆ. 1791–92ರ ಬರಗಾಲವೂ 1876–78ರ ಮಹಾಕ್ಷಾಮವೂ ಈ ಸೀಮೆಯನ್ನು ಹಿಂಡಿದವು. ಒಳ್ಳೆಯ ವರ್ಷದಲ್ಲಿ ಹೇರಳವಾಗಿ ಕೊಡುವ, ಕೆಟ್ಟ ವರ್ಷದಲ್ಲಿ ಏನನ್ನೂ ಕೊಡದ ಇಂಥ ನೆಲದಲ್ಲಿ ಖಾಯಂ ಕಪ್ಪ, ಖಾಯಂ ಕರ ಎಂಬ ಮಾತು ಮೊದಲಿನಿಂದಲೂ ಜಗಳದ ಬೀಜವೇ.

ಸೂಡಿಯ ಶಾಸನ

ಕಾಲದ ಕ್ರಮದಲ್ಲಿ ನೋಡುವವರು ಸೂಡಿಯಿಂದ ಆರಂಭಿಸಬೇಕು. ಗಜೇಂದ್ರಗಡಕ್ಕೆ ಸಮೀಪದ ಈ ಹಳ್ಳಿ ಬಹುಕಾಲ ರೋಣ ತಾಲ್ಲೂಕಿನಲ್ಲಿತ್ತು. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಇದು ‘ಸೂಂಡಿ’ ಎಂಬ ದೊಡ್ಡ ಪಟ್ಟಣ. ಕಿಸುಕಾಡು ಎಪ್ಪತ್ತು ಎಂಬ ನಾಡಿನ ಮುಖ್ಯ ಊರು. ಲಕ್ಕುಂಡಿಯಲ್ಲಿದ್ದಂತೆ ಇಲ್ಲಿಯೂ ಟಂಕಸಾಲೆ ಇತ್ತು. ನಾಣ್ಯ ಅಚ್ಚಾಗುವ ಊರೆಂದರೆ ವ್ಯಾಪಾರ ಕುದುರಿದ ಊರೆಂದೇ ಅರ್ಥ.

ಸೂಡಿಯ ಜೋಡುಕಳಸದ ಗುಡಿ ದೂರದಿಂದಲೇ ಕಾಣುತ್ತದೆ. ಒಂದೇ ಕಟ್ಟಡದ ಮೇಲೆ ಎರಡು ಶಿಖರಗಳು ಎದ್ದು ನಿಂತಿರುವುದರಿಂದ ಈ ಹೆಸರು. ಹನ್ನೊಂದನೆಯ ಶತಮಾನದ ಮಧ್ಯದಲ್ಲಿ ಚಾಲುಕ್ಯ ಅರಸ ಒಂದನೆಯ ಸೋಮೇಶ್ವರನ ದಂಡನಾಯಕನಾಗಿದ್ದ ನಾಗದೇವನ ಹೆಸರು ಇದಕ್ಕೆ ಅಂಟಿಕೊಂಡಿದೆ. ಊರಿನಲ್ಲಿ ಮಲ್ಲಿಕಾರ್ಜುನನ ಗುಡಿಯೂ ಇದೆ. ಇವೆಲ್ಲಕ್ಕಿಂತ ಬಂದವರನ್ನು ಹೆಚ್ಚು ಹೊತ್ತು ನಿಲ್ಲಿಸುವುದು ನಾಗಕುಂಡ. ಜನ ಇದನ್ನು ರಸದ ಬಾವಿ ಎಂದೂ ಕರೆಯುತ್ತಾರೆ. ಮೆಟ್ಟಿಲಿಳಿದು ಹೋಗುವ ಈ ಹೊಂಡದ ಒಳಗೋಡೆಗಳನ್ನು ಗುಡಿಯ ಹೊರಗೋಡೆಗೆ ತೋರುವಷ್ಟೇ ಶ್ರದ್ಧೆಯಿಂದ ಕೆತ್ತಿದ್ದಾರೆ. ನೀರು ಸಿಗುವುದೇ ಕಷ್ಟವಾದ ಸೀಮೆಯಲ್ಲಿ ನೀರಿನ ಮನೆಯೂ ದೇವರ ಮನೆಯಷ್ಟೇ ಮಾನ ಪಡೆದದ್ದು ಸಹಜವೇ.

ಸೂಡಿಯನ್ನು ಇತಿಹಾಸದಲ್ಲಿ ಮುಖ್ಯವಾಗಿಸಿದವಳು ಒಬ್ಬ ಹೆಣ್ಣುಮಗಳು. ಆಕೆ ಅಕ್ಕಾದೇವಿ. ಚಾಲುಕ್ಯ ಅರಸರಾದ ಐದನೆಯ ವಿಕ್ರಮಾದಿತ್ಯ ಮತ್ತು ಎರಡನೆಯ ಜಯಸಿಂಹರ ಸಹೋದರಿ. 1010ರ ಸೂಡಿಯ ಶಾಸನದಲ್ಲಿ ಆಕೆ ಆಗಲೇ ಕಿಸುಕಾಡನ್ನು ಆಳುತ್ತಿದ್ದಳು. ಆಮೇಲೆ ಅಣ್ಣತಮ್ಮಂದಿರ ಆಳ್ವಿಕೆ ಮುಗಿದು ಸೋಮೇಶ್ವರನ ಕಾಲ ಬಂದರೂ ಆಕೆಯ ಅಧಿಕಾರ ಮುಂದುವರಿಯಿತು. ‘ಗುಣದ ಬೆಡಂಗಿ’ ಎಂಬುದು ಆಕೆಯ ಬಿರುದು. ಯುದ್ಧದಲ್ಲಿ ಆಕೆಯನ್ನು ಭೈರವಿಗೆ ಹೋಲಿಸಿದ್ದಾರೆ. ಗೋಕಾಗೆ, ಎಂದರೆ ಇಂದಿನ ಗೋಕಾಕದ ಕೋಟೆಗೆ ಆಕೆ ಮುತ್ತಿಗೆ ಹಾಕಿದ ಸಂಗತಿಯೂ ಶಾಸನಗಳಲ್ಲಿದೆ.

ಆದರೆ ಇಂದಿನ ಓದುಗರು ಆಕೆಯನ್ನು ನೆನೆಯಬೇಕಾದದ್ದು 1050ರ ಸುಮಾರಿನ ಇನ್ನೊಂದು ಶಾಸನಕ್ಕಾಗಿ. ಅದು ಚೋಳ–ಚಾಲುಕ್ಯರ ನಡುವೆ ಘೋರ ಯುದ್ಧಗಳು ನಡೆಯುತ್ತಿದ್ದ ಕಾಲ. ಚೋಳ ರಾಜಾಧಿರಾಜನ ಸೈನ್ಯ ಪಕ್ಕದ ಬೆಳ್ವೊಲ ನಾಡಿಗೆ ನುಗ್ಗಿ ಬಸದಿಗಳನ್ನು ಸುಟ್ಟಿತೆಂದು ಅಣ್ಣಿಗೇರಿ ಸೀಮೆಯ ಶಾಸನಗಳು ಹೇಳುತ್ತವೆ. 1054ರಲ್ಲಿ ಕೊಪ್ಪಮ್‌ ಕಾಳಗದಲ್ಲಿ ರಾಜಾಧಿರಾಜನೇ ಮಡಿದ. ಈ ಯುದ್ಧದ ಒತ್ತಡದಲ್ಲಿ ಸೂಡಿಯ ಪೌರಾಡಳಿತದ ಕಟ್ಟಳೆ ಮುರಿದುಬಿದ್ದಿತ್ತು. ಅಕ್ಕಾದೇವಿ ತನ್ನ ಮಂತ್ರಿಗಳ ಸಮ್ಮುಖದಲ್ಲಿ ಅದನ್ನು ಊರಿನ ಎಂಟು ಸೆಟ್ಟಿಗಳಿಗೂ ಎಂಬತ್ತು ಒಕ್ಕಲುಗಳಿಗೂ ಹೊಸದಾಗಿ ಕೊಟ್ಟಳು. ಊರಿನವರಿಗೆ ಸಲ್ಲಬೇಕಾದ ಹಕ್ಕು, ಅವರು ನಡೆಸಬೇಕಾದ ಹೊಣೆ ಎರಡನ್ನೂ ಕಲ್ಲಿನಲ್ಲಿ ಕೆತ್ತಿಸಿ ನಿಲ್ಲಿಸಲಾಯಿತು.

ಇಲ್ಲಿ ‘ಒಕ್ಕಲು’ ಎಂಬ ಪದವನ್ನು ಗಮನಿಸಬೇಕು. ಶಾಸನದಲ್ಲಿ ಅದು ಊರಿನ ಮನೆತನ ಎಂಬ ಅರ್ಥದಲ್ಲಿ ಬಂದಿದೆ. ಮುಂದೆ ನೆಲ ಉಳುವವರಿಗೂ ಅದೇ ಪದ ನಿಂತಿತು. ಯುದ್ಧದ ಖರ್ಚಿಗೆ ಹಣ ಬೇಕಾದ ಕಾಲದಲ್ಲಿ ದೊರೆಗಳು ಊರನ್ನು ಹಿಂಡುವುದು ರೂಢಿ. ಅಂಥ ಕಾಲದಲ್ಲಿಯೇ ಒಬ್ಬ ಆಡಳಿತಗಾರ್ತಿ ಊರಿನ ಮುರಿದ ಕಟ್ಟಳೆಯನ್ನು ಮತ್ತೆ ಕಟ್ಟಿಕೊಟ್ಟಳು. ರಾಜಾಜ್ಞೆಯ ಎದುರಿಗೆ ಒಕ್ಕಲುಗಳು ಒಂದು ಪಕ್ಷವಾಗಿ ಕಲ್ಲಿನ ಮೇಲೆ ಕಾಣಿಸಿಕೊಂಡರು. ಎರೆ ನಾಡಿನ ಇತಿಹಾಸದಲ್ಲಿ ಇಂಥ ಕ್ಷಣಗಳು ಅಪರೂಪ.

ಸೂಡಿಯಿಂದ ರೋಣಕ್ಕೆ ದೂರವಿಲ್ಲ. ಮಹಾಭಾರತದ ದ್ರೋಣಾಚಾರ್ಯರ ಊರು, ದ್ರೋಣಪುರವೇ ರೋಣವಾಯಿತು ಎಂಬ ನಂಬಿಕೆ ಜನರಲ್ಲಿದೆ. ಇತಿಹಾಸಕ್ಕೆ ಸಿಗುವುದು ಊರಿನ ಹಳೆಯ ಕಲ್ಲುಗುಡಿಗಳು. ಅನಂತಶಯನನ ಗುಡಿ ಅವುಗಳಲ್ಲಿ ಒಂದು. ಸೂಡಿಯನ್ನು ನೋಡಿ ಬಂದವರಿಗೆ ಆ ಕಾಲದ ಶಿಲ್ಪಿಗಳ ಕೈ ಒಂದೇ ಊರಿಗೆ ಸೀಮಿತವಾಗಿರಲಿಲ್ಲವೆಂಬುದು ಇಲ್ಲಿ ಮನದಟ್ಟಾಗುತ್ತದೆ. ಬಯಲಿನ ಊರೂರಿನಲ್ಲೂ ಗುಡಿ ಕಟ್ಟಿಸುವಷ್ಟು ಸಂಪತ್ತು ಇದೇ ಜೋಳ, ಹತ್ತಿಯ ಹೊಲಗಳಿಂದ ಬರುತ್ತಿತ್ತು.

ಗಜೇಂದ್ರಗಡದ ಒಪ್ಪಂದ

ಪೂರ್ವಕ್ಕೆ ಸಾಗಿದಂತೆ ಬಯಲು ಮುಗಿದು ಗುಡ್ಡಗಳು ಶುರುವಾಗುತ್ತವೆ. ಅವುಗಳ ಮಗ್ಗುಲಲ್ಲಿ ಗಜೇಂದ್ರಗಡವಿದೆ. ಹಿಂದೆ ರೋಣ ತಾಲ್ಲೂಕಿಗೆ ಸೇರಿದ್ದ ಇದು ಈಗ ತಾಲ್ಲೂಕು ಕೇಂದ್ರ. ನೇಕಾರಿಕೆಗೆ ಹೆಸರಾದ ಊರು. ಗುಡ್ಡದ ಇಳಿಜಾರಿನಲ್ಲಿ ಕಾಲಕಾಲೇಶ್ವರನ ಗುಡಿ ಇದೆ. ಅದನ್ನು ದಕ್ಷಿಣ ಕಾಶಿ ಎಂದು ಭಕ್ತರು ಕರೆಯುತ್ತಾರೆ. ಮೆಟ್ಟಿಲೇರಿ ಹೋದರೆ ಮರದ ಬೇರುಗಳ ಸಂದಿನಿಂದ ನೀರು ಜಿನುಗಿ ಹೊಂಡಕ್ಕೆ ಬೀಳುತ್ತದೆ. ಇದೇ ಅಂತರಗಂಗೆ. ಮಳೆಯ ನೀರು ಗುಡ್ಡದ ಕಲ್ಲುಬಿರುಕುಗಳಲ್ಲಿ ಇಂಗಿ ನಿಧಾನವಾಗಿ ಹೊರಬರುವುದೇ ಇಂಥ ಒರತೆಗಳ ಗುಟ್ಟು. ಸುತ್ತಲಿನ ಬಯಲು ಬಿಸಿಲಿಗೆ ಬಾಯಿಬಿಟ್ಟಾಗಲೂ ನೀರು ಕೊಡುವ ಜಾಗವನ್ನು ಜನ ದೇವರ ನೆಲೆಯೆಂದು ಕಂಡದ್ದರಲ್ಲಿ ಆಶ್ಚರ್ಯವಿಲ್ಲ.

ಊರಿನ ಮೇಲಿರುವ ಗುಡ್ಡದ ಕೋಟೆ ಮರಾಠಾ ಸರದಾರರಾದ ಘೋರ್ಪಡೆ ಮನೆತನದ ನೆನಪನ್ನು ಹೊತ್ತಿದೆ. ಆದರೆ ಭಾರತದ ಇತಿಹಾಸದ ಪುಸ್ತಕಗಳಲ್ಲಿ ಗಜೇಂದ್ರಗಡದ ಹೆಸರು ಬರುವುದು 1787ರ ಒಪ್ಪಂದದ ಮೂಲಕ. ಮೈಸೂರಿನ ಟಿಪ್ಪು ಸುಲ್ತಾನನಿಗೂ ಪುಣೆಯ ಪೇಶ್ವೆಗಳಿಗೂ ನಡೆದ ಯುದ್ಧ ಈ ಊರಿನಲ್ಲಿ ಕೊನೆಗೊಂಡಿತು. ಆ ಯುದ್ಧದ ಕಿಡಿ ಹೊತ್ತಿದ್ದು ಮಾತ್ರ ಪಶ್ಚಿಮದ ನರಗುಂದದಲ್ಲಿ.

ನರಗುಂದ ಭಾವೆ ಎಂಬ ಬ್ರಾಹ್ಮಣ ಮನೆತನದ ಸಂಸ್ಥಾನ. 1778ರಲ್ಲಿ ಹೈದರಾಲಿ ಕೃಷ್ಣಾ ನದಿಯವರೆಗಿನ ಸೀಮೆಯನ್ನು ಗೆದ್ದಾಗ ಇದೂ ಅವನ ಅಧೀನಕ್ಕೆ ಬಂತು. ಕಪ್ಪ ಕೊಡುವ ಷರತ್ತಿನ ಮೇಲೆ ಸಂಸ್ಥಾನವನ್ನು ಹೈದರ್ ಹಾಗೆಯೇ ಉಳಿಸಿದ. ಟಿಪ್ಪು ಪಟ್ಟಕ್ಕೆ ಬಂದ ಮೇಲೆ ಹೆಚ್ಚಿನ ಕಪ್ಪಕ್ಕೆ ಪಟ್ಟು ಹಿಡಿದ. ಸಂಸ್ಥಾನಿಕ ವೆಂಕಟರಾವ ಭಾವೆ ಮತ್ತು ಅವನ ದಿವಾನ ಕಾಳೋಪಂತ ಪೇಠೆ ಪುಣೆಯ ನೆರವನ್ನು ನಂಬಿ ಅದನ್ನು ನಿರಾಕರಿಸಿದರು. ಟಿಪ್ಪುವಿನ ಸೇನಾನಿ ಬುರ್ಹಾನುದ್ದೀನ್ ಗುಡ್ಡಕ್ಕೆ ಮುತ್ತಿಗೆ ಹಾಕಿದ. ಪುಣೆಯ ಸೈನ್ಯ ಬಂದರೂ ಕೋಟೆ ಉಳಿಯಲಿಲ್ಲ. 1785ರಲ್ಲಿ ನರಗುಂದ ಶರಣಾಯಿತು. ಸಂಸ್ಥಾನಿಕನನ್ನೂ ದಿವಾನನನ್ನೂ ದೂರದ ಕಬ್ಬಾಳದುರ್ಗದಲ್ಲಿ ಸೆರೆಯಿಟ್ಟರು.

ಇದನ್ನು ಪುಣೆ ಸಹಿಸಲಿಲ್ಲ. ನಾನಾ ಫಡ್ನವೀಸ ನಿಜಾಮನನ್ನು ಜೊತೆಗೂಡಿಸಿಕೊಂಡು 1786ರಲ್ಲಿ ಯುದ್ಧ ಹೂಡಿದ. ಮಿತ್ರಸೈನ್ಯ ಬಾದಾಮಿಯನ್ನು ಹಿಡಿಯಿತು, ಗಜೇಂದ್ರಗಡವೂ ಕೈಬದಲಾಯಿತು. ಮುಂದೆ ಟಿಪ್ಪು ತುಂಗಭದ್ರೆಯನ್ನು ದಾಟಿ ಬಂದು ಎದುರಾಳಿಗಳಿಗೆ ನೀರು ಕುಡಿಸಿದರೂ ಎರಡೂ ಕಡೆಯವರಿಗೆ ಯುದ್ಧ ಸಾಕಾಗಿತ್ತು. 1787ರ ಒಪ್ಪಂದದಂತೆ ಟಿಪ್ಪು 48 ಲಕ್ಷ ರೂಪಾಯಿಗಳ ಬಾಕಿ ಕಪ್ಪವನ್ನು ಕೊಡಲು ಒಪ್ಪಿದ. ಬಾದಾಮಿ, ಕಿತ್ತೂರು, ನರಗುಂದಗಳು ಮರಾಠರ ಪಾಲಾದವು.

ಅಂತೂ ಒಂದು ಸಣ್ಣ ಸಂಸ್ಥಾನದ ಕಪ್ಪದ ತಕರಾರು ದಕ್ಷಿಣದ ಮೂರು ದೊಡ್ಡ ರಾಜ್ಯಗಳನ್ನು ರಣಕ್ಕೆ ಎಳೆದು ತಂದಿತು. ಈ ಕಥೆಯಲ್ಲಿ ಸುಲ್ತಾನರು, ಪೇಶ್ವೆಗಳು, ದಿವಾನರು, ಸರದಾರರು ಎಲ್ಲರಿಗೂ ಹೆಸರಿದೆ. ಅವರ ಕುದುರೆಗಳು ಮೇದ ಜೋಳದ ಹೊಲ ಯಾರದು? 48 ಲಕ್ಷ ರೂಪಾಯಿ ಕೊನೆಗೆ ಯಾರ ಕಣದಿಂದ ಬರಬೇಕಿತ್ತು? ಸೂಡಿಯ ಕಲ್ಲಿನಲ್ಲಿ ಕಾಣಿಸಿಕೊಂಡಿದ್ದ ಒಕ್ಕಲು ಈ ದೊಡ್ಡವರ ಕಥೆಯಲ್ಲಿ ಮರೆಯಾಗಿದ್ದಾನೆ.

ನರಗುಂದದ ಗುಡ್ಡ

ಹುಬ್ಬಳ್ಳಿಯಿಂದ ವಿಜಯಪುರಕ್ಕೆ ಹೋಗುವ ಹೆದ್ದಾರಿಯಲ್ಲಿ ನವಲಗುಂದ ದಾಟಿದ ಮೇಲೆ, ಬಟ್ಟ ಬಯಲಿನಲ್ಲಿ ಒಂಟಿಯಾಗಿ ಎದ್ದ ನರಗುಂದದ ಗುಡ್ಡ ಕಣ್ಣಿಗೆ ಬೀಳುತ್ತದೆ. ಶಿವಾಜಿಯ ಕಾಲದಲ್ಲಿ, 1674ರ ಸುಮಾರಿಗೆ ಇದಕ್ಕೆ ಕೋಟೆ ಕಟ್ಟಿಸಲಾಯಿತೆಂದು ಹೇಳುತ್ತಾರೆ. ಮೇಲಿನಿಂದ ನೋಡಿದರೆ ನಾಲ್ಕೂ ದಿಕ್ಕಿಗೆ ಎರೆ ಹೊಲಗಳು ಹಾಸಿಕೊಂಡಿವೆ. ಯಾವ ದಿಕ್ಕಿನಿಂದ ದಂಡು ಬಂದರೂ ಬಹಳ ಮೊದಲೇ ಕಾಣುವ ಜಾಗ. ಇದನ್ನು ಹಿಡಿಯಲು ಅಷ್ಟೊಂದು ಪೈಪೋಟಿ ಯಾಕೆ ನಡೆಯಿತೆಂಬುದು ಗುಡ್ಡ ಹತ್ತಿದವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಮರಾಠರ ಆಳ್ವಿಕೆ 1818ರಲ್ಲಿ ಅಳಿದ ಮೇಲೆ ನರಗುಂದ ಇಂಗ್ಲಿಷ್ ಕಂಪನಿಯ ಆಶ್ರಯಕ್ಕೆ ಬಂತು. ಕೊನೆಯ ಸಂಸ್ಥಾನಿಕ ಭಾಸ್ಕರರಾವ ಭಾವೆ. ಜನ ಅವರನ್ನು ಬಾಬಾಸಾಹೇಬ ಎಂದೇ ಕರೆಯುತ್ತಿದ್ದರು. ವಿದ್ಯಾಪ್ರಿಯರಾಗಿದ್ದ ಅವರ ಬಳಿ ಸಂಸ್ಕೃತ ಗ್ರಂಥಗಳ ದೊಡ್ಡ ಸಂಗ್ರಹವೇ ಇತ್ತು. ಗಂಡುಮಕ್ಕಳಿಲ್ಲದ ಅವರು ದತ್ತು ತೆಗೆದುಕೊಳ್ಳಲು ಕಂಪನಿ ಸರ್ಕಾರದ ಒಪ್ಪಿಗೆ ಕೇಳಿದರು. ಒಪ್ಪಿಗೆ ಸಿಗಲಿಲ್ಲ. ತಾವು ಕಣ್ಣು ಮುಚ್ಚಿದರೆ ಸಂಸ್ಥಾನ ಕಂಪನಿಯ ಪಾಲು ಎಂಬುದು ಅವರಿಗೆ ಖಚಿತವಾಯಿತು. ಅಷ್ಟರಲ್ಲಿ 1857ರ ದಂಗೆ ಉತ್ತರದಲ್ಲಿ ಸಿಡಿದಿತ್ತು. ಅದನ್ನು ಹಿಂಬಾಲಿಸಿ ಬಂದ ಆಯುಧ ಕಾಯಿದೆಯನ್ನು ವಿರೋಧಿಸಿ ಹಲಗಲಿಯ ಬೇಡರು ದಂಗೆಯೆದ್ದು ಪ್ರಾಣ ತೆತ್ತಿದ್ದರು. 1858ರ ಮೇ ತಿಂಗಳಲ್ಲಿ ಮುಂಡರಗಿಯ ಭೀಮರಾಯ ಡಂಬಳದ ಖಜಾನೆಯ ಮೇಲೆ ದಾಳಿ ಮಾಡಿದ.

ಆಗ ಈ ಭಾಗದ ಪೊಲಿಟಿಕಲ್ ಏಜೆಂಟನಾಗಿದ್ದವನು ಚಾರ್ಲ್ಸ್ ಮ್ಯಾನ್ಸನ್. ಅವನು ರಾಮದುರ್ಗಕ್ಕೆ ಬಂದು, ಅಲ್ಲಿಂದ ನರಗುಂದದ ಕಡೆಗೆ ಹೊರಟು, ಮೇ 29ರ ರಾತ್ರಿ ಸುರೇಬಾನದಲ್ಲಿ ತಂಗಿದ. ಬಾಬಾಸಾಹೇಬರ ಕಡೆಯವರು ಆ ರಾತ್ರಿಯೇ ಅವನ ಮೇಲೆ ಬಿದ್ದು ಕೊಂದರು. ಅವನ ತಲೆಯನ್ನು ನರಗುಂದಕ್ಕೆ ತಂದು ಅಗಸಿಗೆ ತೂಗುಹಾಕಿದರು. ಮೂರನೆಯ ದಿನಕ್ಕೆ ಕರ್ನಲ್ ಮಾಲ್ಕಮ್‌ನ ಪಡೆ ನರಗುಂದಕ್ಕೆ ಬಂತು. ಊರ ಹೊರಗೆ ಕಾದಾಟ ನಡೆದು ಊರು ಇಂಗ್ಲಿಷರ ಕೈಸೇರಿತು. ಜೂನ್ 2ರಂದು ಕೋಟೆಯೂ ಬಿತ್ತು. ವೇಷ ಮರೆಸಿಕೊಂಡು ಹೊರಟಿದ್ದ ಬಾಬಾಸಾಹೇಬರು ತೊರಗಲ್ಲಿನ ಬಳಿ ಸಿಕ್ಕಿಬಿದ್ದರು. ಜೂನ್ 12ರಂದು ಬೆಳಗಾವಿಯಲ್ಲಿ ಅವರನ್ನು ಗಲ್ಲಿಗೇರಿಸಲಾಯಿತು. ಮ್ಯಾನ್ಸನ್‌ನ ಕೊಲೆಯಿಂದ ಗಲ್ಲಿನವರೆಗೆ ಎರಡು ವಾರ ಮಾತ್ರ. ರಾಜಮನೆತನದ ಹೆಂಗಸರು ಮಲಪ್ರಭೆಗೆ ಹಾರಿ ಪ್ರಾಣ ಬಿಟ್ಟರೆಂಬ ಕಥೆ ಈ ಸೀಮೆಯ ಜನರ ಬಾಯಲ್ಲಿ ಇಂದಿಗೂ ಉಳಿದಿದೆ.

ನರಗುಂದದ ಬಂಡಾಯವನ್ನು ಸ್ವಾತಂತ್ರ್ಯ ಸಂಗ್ರಾಮದ ಸಾಲಿನಲ್ಲಿಟ್ಟು ಗೌರವಿಸುವುದು ನ್ಯಾಯವೇ. ಆದರೂ ಇತಿಹಾಸದ ವಿದ್ಯಾರ್ಥಿ ಒಂದು ಮಾತನ್ನು ಮರೆಯಬಾರದು. ದತ್ತಕದ ಹಕ್ಕು ಸಂಸ್ಥಾನಿಕನ ಹಕ್ಕು. ಅದಕ್ಕಾಗಿ ಜನ ಪ್ರಾಣ ಕೊಟ್ಟರು. ಸಂಸ್ಥಾನ ಹೋಗಿ ಕಂಪನಿ ಬಂದರೂ, ಅದೇ ವರ್ಷ ಕಂಪನಿ ಹೋಗಿ ರಾಣಿಯ ಸರ್ಕಾರ ಬಂದರೂ, ಉಳುವವನು ಕಟ್ಟಬೇಕಾದ ಕಂದಾಯ ನಿಲ್ಲಲಿಲ್ಲ.

ಮಲಪ್ರಭೆಯ ನೀರು

ಒಕ್ಕಲಿಗ ತನ್ನ ಹೆಸರಿನಲ್ಲಿಯೇ ನರಗುಂದದ ಇತಿಹಾಸಕ್ಕೆ ಬಂದದ್ದು 122 ವರ್ಷಗಳ ನಂತರ. ಸವದತ್ತಿಯ ಹತ್ತಿರ ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ಅಣೆಕಟ್ಟಿನಿಂದ 1970ರ ದಶಕದಲ್ಲಿ ಕಾಲುವೆಗಳು ಈ ಬಯಲಿಗೆ ಬಂದವು. ಸಾವಿರ ವರ್ಷ ಮುಗಿಲು ನೋಡಿ ಬದುಕಿದ ನೆಲಕ್ಕೆ ಹೊಳೆಯ ನೀರು ಹರಿಯುವುದೆಂದರೆ ಸಣ್ಣ ಮಾತಲ್ಲ. ಆದರೆ ಕಾಲುವೆ ತೋಡಿದಲ್ಲೆಲ್ಲ ನೀರು ಬರಲಿಲ್ಲ. ಬಂದ ಕಡೆ ಎರೆ ಮಣ್ಣಿನಲ್ಲಿ ಜವಳು ಕಾಣಿಸಿತು. ಸಾಲ ಮಾಡಿ ಹತ್ತಿ ಬೆಳೆದವರಿಗೆ ಬೆಲೆ ಕುಸಿದು ಪೆಟ್ಟು ಬಿತ್ತು. ಇದೇ ಹೊತ್ತಿಗೆ ಸರ್ಕಾರ ನೀರಿನ ಕರದ ಜೊತೆಗೆ ಅಭಿವೃದ್ಧಿ ಕರವನ್ನೂ ಕೇಳಿತು. ನೀರಾವರಿಯಿಂದ ಜಮೀನಿನ ಬೆಲೆ ಏರುತ್ತದೆ, ಏರಿದ ಬೆಲೆಯಲ್ಲಿ ಒಂದು ಪಾಲು ಯೋಜನೆಯ ವೆಚ್ಚಕ್ಕೆ ಬರಲಿ ಎಂಬುದು ಈ ಕರದ ತರ್ಕ. ನೀರನ್ನೇ ಕಾಣದ ಹೊಲದವನಿಗೆ ಈ ತರ್ಕ ಅರ್ಥವಾಗಲಿಲ್ಲ. ಅರ್ಥವಾಗುವಂಥದೂ ಅದರಲ್ಲಿ ಇರಲಿಲ್ಲ.

1980ರಲ್ಲಿ ಮಲಪ್ರಭಾ ಪ್ರದೇಶದ ರೈತರು ಸಂಘಟಿತರಾಗಿ ಕರ ನಿರಾಕರಣೆಗೆ ಇಳಿದರು. ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಸಾವಿರಾರು ರೈತರು ಸರ್ಕಾರಿ ಕಚೇರಿಗಳ ಮುಂದೆ ಸೇರಿದರು. ಪರಿಸ್ಥಿತಿ ಕೈಮೀರಿ ಪೊಲೀಸರು ಗುಂಡು ಹಾರಿಸಿದರು. ನರಗುಂದದಲ್ಲಿ ಈರಪ್ಪ ಕಡ್ಲಿಕೊಪ್ಪ, ನವಲಗುಂದದಲ್ಲಿ ಬಸಪ್ಪ ಲಕ್ಕುಂಡಿ ಎಂಬ ರೈತರು ಬಲಿಯಾದರು. ಉದ್ರಿಕ್ತ ಜನರ ಕೈಗೆ ಸಿಕ್ಕು ನರಗುಂದದಲ್ಲಿ ಪೊಲೀಸರೂ ಪ್ರಾಣ ಕಳೆದುಕೊಂಡರು. ಆ ಸಾವುಗಳನ್ನೂ ಮರೆಯದೆ ಹೇಳಬೇಕು.

ಕಿಡಿ ರಾಜ್ಯದ ಉದ್ದಗಲಕ್ಕೆ ಹರಡಿತು. ಅದೇ ವರ್ಷ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು. 1981ರ ಆರಂಭದಲ್ಲಿ ವಿರೋಧ ಪಕ್ಷಗಳು ನರಗುಂದದಿಂದಲೇ ಬೆಂಗಳೂರಿಗೆ ಪಾದಯಾತ್ರೆ ಹೊರಟವು. 1983ರ ಚುನಾವಣೆಯಲ್ಲಿ ಗುಂಡೂರಾವ್ ಅವರ ಸರ್ಕಾರ ಸೋತು, ರಾಜ್ಯದಲ್ಲಿ ಮೊದಲ ಬಾರಿಗೆ ಕಾಂಗ್ರೆಸ್ಸೇತರ ಸರ್ಕಾರ ಬಂತು. ಆ ಸೋಲಿಗೆ ಕಾರಣಗಳು ಹಲವು; ನರಗುಂದದ ಗುಂಡಿನ ಸದ್ದು ಅವುಗಳಲ್ಲಿ ಒಂದು ಎಂಬುದನ್ನು ಯಾರೂ ಅಲ್ಲಗಳೆಯಲಾರರು. ಪ್ರತಿವರ್ಷ ಜುಲೈ 21ರಂದು ರೈತರು ಇಲ್ಲಿನ ವೀರಗಲ್ಲಿನ ಬಳಿ ಸೇರಿ ಹುತಾತ್ಮರನ್ನು ನೆನೆಯುತ್ತಾರೆ. 2015ರ ಜುಲೈಯಲ್ಲಿ ಕಳಸಾ–ಬಂಡೂರಿ ನಾಲೆಗಳ ನೀರನ್ನು ಮಲಪ್ರಭೆಗೆ ತಿರುಗಿಸಬೇಕೆಂಬ ದೀರ್ಘ ಧರಣಿ ಹೂಡಿದ್ದೂ ಇದೇ ಊರಿನಲ್ಲಿ.

ಈ ಮೂರು ಊರುಗಳ ಸ್ಮಾರಕಗಳಲ್ಲಿ ಕೋಟೆಗಳು ಎತ್ತರದಲ್ಲಿವೆ, ದೂರದಿಂದಲೇ ಕರೆಯುತ್ತವೆ. ಸೂಡಿಯ ಶಾಸನ ಮತ್ತು ನರಗುಂದದ ವೀರಗಲ್ಲು ನೆಲಮಟ್ಟದಲ್ಲಿವೆ. ಹುಡುಕಿಕೊಂಡು ಹೋದವರಿಗೆ ಮಾತ್ರ ಸಿಗುತ್ತವೆ. ಒಂದು, ಒಕ್ಕಲುಗಳನ್ನು ಕರೆದು ಕಟ್ಟಳೆಯನ್ನು ಮರಳಿಸಿದ ಆಡಳಿತದ ಕಲ್ಲು. ಇನ್ನೊಂದು, ಒಕ್ಕಲುಗಳ ಮಾತನ್ನು ಹೊತ್ತಿಗೆ ಸರಿಯಾಗಿ ಕೇಳದ ಆಡಳಿತದ ಕಾಲದಲ್ಲಿ ನೆಟ್ಟ ಕಲ್ಲು. ಇವೆರಡರ ನಡುವೆ ಒಂಬೈನೂರ ಮೂವತ್ತು ವರ್ಷಗಳ ಅಂತರವಿದೆ. ಬಾದಾಮಿಯಿಂದ ಹೊರಟವರು ಒಂದು ದಿನವನ್ನು ಈ ಕಡೆಗೆ ತೆಗೆದಿಟ್ಟು, ಗುಡ್ಡ ಹತ್ತಿ ಇಳಿದ ಮೇಲೆ ಈ ಎರಡು ಕಲ್ಲುಗಳನ್ನೂ ನೋಡಿದರೆ ಎರೆ ನಾಡಿನ ಇತಿಹಾಸ ಪೂರ್ತಿಯಾಗುತ್ತದೆ.